ಅರ್ಜಿ ತುಂಬುವಾಗ ಪಕ್ಕದಲ್ಲಿ ಯಾರು ಕೂತಿದ್ದರು?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಯುವ ಕೇಂದ್ರಗಳ ಬಗ್ಗೆ ಇದ್ದವು. ಶಾಲೆ ಬಿಟ್ಟ ಮೇಲೆ ಮಕ್ಕಳು ಬಂದು ಸೇರುವ ಜಾಗ, ಸಂಘದವರು ನಡೆಸುವ ಸಂಜೆ ಪಾಠ, ದೊಡ್ಡವರೊಬ್ಬರು ಒಂದು ಮಗುವಿಗೆ ಜೊತೆಯಾಗುವ ಮೆಂಟರಿಂಗ್, ಇಂಥವು. ಇವುಗಳಿಂದ ಮಕ್ಕಳು ಕಾಲೇಜು ತಲುಪುತ್ತಾರಾ, ತಲುಪಿದವರು ಓದು ಮುಗಿಸುತ್ತಾರಾ ಅನ್ನುವುದು ಎಲ್ಲರ ಪ್ರಶ್ನೆ. ನಾನು ಮೊದಲು ಇಂಥ ಕೇಂದ್ರಗಳಲ್ಲಿ ಮಕ್ಕಳ ಜೊತೆ ಕೂತವನು. ಈಗ ಹಾಗೆ ಕೂರುವವರಿಗೆ ತರಬೇತಿ ಕೊಡುತ್ತೇನೆ. ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಶಾಲೆ ಮುಗಿದ ಮೇಲೆ ವಾರಕ್ಕೆ ನಾಲ್ಕು ದಿನ ಬಡಾವಣೆಯ ಯುವ ಕೇಂದ್ರಕ್ಕೆ ಹೋಗುತ್ತಾಳೆ. ಅಲ್ಲಿ ಸ್ವಲ್ಪ ಹೋಂವರ್ಕ್, ಸ್ವಲ್ಪ ಆಟ, ಜಾಸ್ತಿ ಹರಟೆ. ಅದೇ ಎರಡು ಗಂಟೆ ಟ್ಯೂಷನ್‌ಗೆ ಹಾಕಿದ್ದರೆ ಮುಂದೆ ಕಾಲೇಜಿಗೆ ಉಪಯೋಗ ಆಗುತ್ತಿತ್ತು ಅಲ್ವಾ?
— ಒಬ್ಬ ತಂದೆ

ಉತ್ತರ: ಹರಟೆಯನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಯಾರ ಜೊತೆ ಹರಟೆ ಅನ್ನುವುದನ್ನು ಮೊದಲು ನೋಡಿ.

ಕಾಲೇಜು ಓದಿದವರು ಇರುವ ಮನೆಯಲ್ಲಿ ಮಗುವಿನ ಕಿವಿಗೆ ದಿನಾ ಏನೋ ಒಂದು ಬೀಳುತ್ತಿರುತ್ತದೆ. ಯಾವ ವಿಷಯ ಈಗ ಬಿಟ್ಟರೆ ಮುಂದೆ ಯಾವ ಕೋರ್ಸ್ ಸಿಗುವುದಿಲ್ಲ, ಅರ್ಜಿ ಯಾವಾಗ ಕರೆಯುತ್ತಾರೆ, ಒಂದು ಪರೀಕ್ಷೆ ಫೇಲಾದರೆ ಎಲ್ಲ ಮುಗಿದುಹೋಗುತ್ತದಾ ಇಲ್ಲವಾ. ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ, ಸುಮ್ನೆ ಗೊತ್ತಾಗಿರುತ್ತದೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವ ಮಗುವಿಗೆ ಈ ಮಾತು ಸಿಗುವುದಿಲ್ಲ. ಟ್ಯೂಷನ್ ಮೇಷ್ಟ್ರು ಅದನ್ನು ಹೇಳಿಕೊಡುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಒಳ್ಳೆಯ ಕೇಂದ್ರದಲ್ಲಿ ಆ ಮಾತು ಹರಟೆಯ ನಡುವೆಯೇ ಬರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಕೆನಡಾದ ಟೊರಾಂಟೊದಲ್ಲಿ ರೀಜೆಂಟ್ ಪಾರ್ಕ್ ಅಂತ ಒಂದು ವಸತಿ ಪ್ರದೇಶ. ಬಡವರೇ ಜಾಸ್ತಿ ಇದ್ದ ಜಾಗ, ಮಕ್ಕಳು ಶಾಲೆ ಅರ್ಧಕ್ಕೆ ಬಿಡುವುದೂ ಜಾಸ್ತಿ. 2001ರಲ್ಲಿ ಅಲ್ಲಿ 'ಪಾಥ್‌ವೇಸ್ ಟು ಎಜುಕೇಶನ್' ಅನ್ನುವ ಕಾರ್ಯಕ್ರಮ ಶುರುವಾಯಿತು. ಶುರು ಮಾಡಿದ್ದು ಶಾಲೆಯಲ್ಲ, ಅಲ್ಲಿನ ಸಮುದಾಯ ಆರೋಗ್ಯ ಕೇಂದ್ರ! ಜಾಣರನ್ನು ಮಾತ್ರ ಆರಿಸಿಕೊಳ್ಳಲಿಲ್ಲ. ಆ ಪ್ರದೇಶದಲ್ಲಿ ವಾಸಿಸುವ ಮಗು ಅಂದರೆ ಸಾಕು, ಸೇರಬಹುದಿತ್ತು. ಸಂಜೆ ಪಾಠ ಇತ್ತು, ಗುಂಪಿನಲ್ಲಿ ಮೆಂಟರಿಂಗ್ ಇತ್ತು, ಶಾಲೆಗೆ ಹೋಗಿಬರಲು ಟಿಕೆಟ್ ಕೊಡುತ್ತಿದ್ದರು, ಮುಂದಿನ ಓದಿಗೆ ಅಂತ ಸ್ವಲ್ಪ ಹಣ ಎತ್ತಿಡುತ್ತಿದ್ದರು. ಇದೆಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು. ಪ್ರತಿ ಮಗುವಿಗೂ ಒಬ್ಬ ಗೊತ್ತಾದ ಕಾರ್ಯಕರ್ತ ಇದ್ದ. ಶಾಲೆ, ಮನೆ, ಮಗು ಮೂವರ ನಡುವೆ ಓಡಾಡುವುದೇ ಅವನ ಕೆಲಸ. ಹಾಜರಾತಿ ಕಡಿಮೆ ಆದರೆ ಮೊದಲು ಫೋನ್ ಮಾಡುವವನು ಅವನೇ. ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿ ನೋಡಿದರು. ಶಾಲೆ ಮುಗಿಸುವವರು, ಮುಂದಕ್ಕೆ ಓದಲು ಸೇರುವವರು ಇಬ್ಬರ ಪ್ರಮಾಣವೂ ಏರಿತ್ತು. ಕೆಲವು ಕಡೆ ಆ ಏರಿಕೆ ಮೊದಲಿದ್ದದ್ದರ ಅರ್ಧಕ್ಕಿಂತ ಜಾಸ್ತಿ.

ಈಗ ನಿಮ್ಮ ಮಗಳ ಕೇಂದ್ರಕ್ಕೆ ಒಂದು ಸಂಜೆ ನೀವೇ ಹೋಗಿ. ಅಲ್ಲಿ ನಿಮ್ಮ ಮಗಳ ಹೆಸರು ಹಿಡಿದು ಮಾತಾಡುವವರು ಯಾರು ಅಂತ ನೋಡಿ. 'ಕಳೆದ ವಾರ ಅವಳು ಎರಡು ದಿನ ಬರಲಿಲ್ಲ, ಹುಷಾರಿದ್ದಾಳಾ?' ಅಂತ ಅವರೇ ಕೇಳಿದರೆ ಸರಿಯಾದ ಜಾಗದಲ್ಲಿದ್ದಾಳೆ ಅಂದುಕೊಳ್ಳಿ. ಯಾರಿಗೂ ಅವಳ ಬಗ್ಗೆ ಏನೂ ಗೊತ್ತಿಲ್ಲ, ಒಂದು ಕೋಣೆ, ನಾಲ್ಕು ಕುರ್ಚಿ ಮಾತ್ರ ಇದೆ ಅಂದರೆ ನಿಮ್ಮ ಅನುಮಾನವೇ ಸರಿ.

ಗಣಿತದಲ್ಲಿ ಹಿಂದಿದ್ದರೆ ಅದನ್ನು ಮಾತ್ರ ಬಿಡಬೇಡಿ. ಹರಟೆಯಿಂದ ಬೀಜಗಣಿತ ಬರುವುದಿಲ್ಲ. ಅದಕ್ಕೆ ಟ್ಯೂಷನ್ನೇ ಬೇಕಾದರೆ ವಾರಕ್ಕೆ ಎರಡು ದಿನ ಹಾಕಿ, ಉಳಿದ ಎರಡು ದಿನ ಕೇಂದ್ರಕ್ಕೆ ಹೋಗಲಿ.

ಪ್ರಶ್ನೆ: ನಮ್ಮ ಸಂಘದಿಂದ ಪ್ರತಿ ವರ್ಷ ಮಾರ್ಗದರ್ಶನ ಶಿಬಿರ ಮಾಡುತ್ತೇವೆ. ದೊಡ್ಡ ದೊಡ್ಡವರು ಬಂದು ಮಾತಾಡುತ್ತಾರೆ. ಕಾಲೇಜು, ವಿದ್ಯಾರ್ಥಿವೇತನ ಎಲ್ಲದರ ಮಾಹಿತಿ ಇರುವ ಪುಸ್ತಿಕೆ ಹಂಚುತ್ತೇವೆ. ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಅರ್ಜಿ ಮಾತ್ರ ಹಾಕುವುದಿಲ್ಲ. ಹಾಕಿ ಸೀಟು ಸಿಕ್ಕವರಲ್ಲೂ ಕೆಲವರು ಕಾಲೇಜು ಶುರುವಾಗುವ ದಿನ ಕಾಣುವುದಿಲ್ಲ. ಮಕ್ಕಳಿಗೆ ಆಸಕ್ತಿಯೇ ಇಲ್ಲವಾ?
— ಸಂಘದ ಕಾರ್ಯದರ್ಶಿ

ಉತ್ತರ: ಆಸಕ್ತಿ ಇದೆ ಸರ್. ನಿಮ್ಮ ಪುಸ್ತಿಕೆಯಲ್ಲೂ ತಪ್ಪಿಲ್ಲ. ಆದರೆ ಪುಸ್ತಿಕೆ ಓದಿದ ಮಗು ಆಮೇಲೆ ಒಂಟಿಯಾಗಿ ಕೂತು ಅರ್ಜಿ ತೆರೆಯಬೇಕು. ಅಲ್ಲಿ 'ಪೋಷಕರ ವಾರ್ಷಿಕ ಆದಾಯ' ಅನ್ನುವ ಖಾನೆ ಬರುತ್ತದೆ. ಅಪ್ಪನ ಆದಾಯ ತಿಂಗಳಿಗೊಂದು ಥರ. ಏನು ಬರೆಯಬೇಕು? ತಪ್ಪು ಬರೆದರೆ ತೊಂದರೆ ಆಗುತ್ತದಾ? ನಾಳೆ ನೋಡೋಣ ಅಂತ ಮುಚ್ಚಿಡುತ್ತಾನೆ. ಆ ನಾಳೆ ಬರುವುದೇ ಇಲ್ಲ.

ಇದನ್ನು ಅಮೆರಿಕದಲ್ಲಿ ಬಹಳ ಚೆಂದವಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಅಲ್ಲಿ ಕಾಲೇಜಿಗೆ ಸರ್ಕಾರದ ನೆರವು ಬೇಕು ಅಂದರೆ ಉದ್ದನೆಯ ಫಾರಂ ತುಂಬಬೇಕು. ಕೇಳುವುದರಲ್ಲಿ ಬಹಳಷ್ಟು ತೆರಿಗೆ ಲೆಕ್ಕದಲ್ಲಿ ಆಗಲೇ ಇರುವ ವಿವರ. ಹಾಗಾಗಿ ಎಚ್ ಅಂಡ್ ಆರ್ ಬ್ಲಾಕ್ ಅನ್ನುವ ತೆರಿಗೆ ಕಂಪನಿಯ ಕಚೇರಿಗಳಲ್ಲೇ ಸಂಶೋಧಕರು ಪ್ರಯೋಗ ಮಾಡಿದರು. ಕಡಿಮೆ ಆದಾಯದ ಕೆಲವು ಮನೆಯವರಿಗೆ ತೆರಿಗೆ ಕೆಲಸ ಮುಗಿದ ಕೂಡಲೇ ಅಲ್ಲೇ ಕೂರಿಸಿ ಫಾರಂ ತುಂಬಿಸಿದರು, ಎಷ್ಟು ನೆರವು ಸಿಗಬಹುದು ಅಂತಲೂ ಹೇಳಿದರು. ಇನ್ನು ಕೆಲವರಿಗೆ ಮಾಹಿತಿ ಮಾತ್ರ ಕೊಟ್ಟು ಕಳಿಸಿದರು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೂರಿಸಿ ತುಂಬಿಸಿದ ಮನೆಗಳಲ್ಲಿ, ಮುಂದಿನ ಮೂರು ವರ್ಷದಲ್ಲಿ ಎರಡು ವರ್ಷದ ಕಾಲೇಜು ಓದು ಪೂರೈಸಿದ ಮಕ್ಕಳು 100ಕ್ಕೆ 36. ಏನೂ ಮಾಡದ ಗುಂಪಿನಲ್ಲಿ 28. ಮಾಹಿತಿ ಮಾತ್ರ ಪಡೆದ ಗುಂಪು? ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಈ ಕೊನೆಯ ಸಾಲನ್ನು ನಾನು ತರಬೇತಿಯಲ್ಲಿ ಎರಡು ಸಲ ಓದಿಸುತ್ತೇನೆ. ಮಾಹಿತಿ ಕೊಟ್ಟೆವು ಅಂದರೆ ನಮ್ಮ ಕೆಲಸ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ, ಪುಸ್ತಿಕೆಯ ಮುಖಪುಟಕ್ಕೆ ಯಾವ ಬಣ್ಣ ಅಂತ ಜಗಳ ಆಡಿದ್ದೂ ಉಂಟು.

ಹಾಗಾಗಿ ಮುಂದಿನ ವರ್ಷ ಭಾಷಣ ಅರ್ಧಕ್ಕೆ ಇಳಿಸಿ. ಅದರ ಬದಲು ಎರಡು ಭಾನುವಾರ 'ಅರ್ಜಿ ದಿನ' ಇಡಿ. ಅಪ್ಪನೋ ಅಮ್ಮನೋ ಜೊತೆಗೆ ಬರಲಿ, ಬೇಕಾದ ಕಾಗದ ಪತ್ರಗಳ ಪಟ್ಟಿ ಒಂದು ವಾರ ಮೊದಲೇ ಕೊಡಿ. ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ಫಾರಂ ಗೊತ್ತಿರುವ ನಾಲ್ಕು ಜನ ಇದ್ದರೆ ಶುರು ಮಾಡಬಹುದು. 'ಸಲ್ಲಿಸಲಾಗಿದೆ' ಅನ್ನುವ ಪುಟ ಪರದೆಯ ಮೇಲೆ ಬರುವ ತನಕ ಮಗು ಎದ್ದು ಹೋಗಬಾರದು. ಶುಲ್ಕ ಕಟ್ಟುವ ಹಂತದಲ್ಲಿ ಬಹಳ ಅರ್ಜಿ ನಿಂತುಹೋಗುತ್ತವೆ, ಅದಕ್ಕೂ ಸ್ವಲ್ಪ ಹಣ ಎತ್ತಿಡಿ.

ಸೀಟು ಸಿಕ್ಕಿಯೂ ಕಾಣೆಯಾಗುವವರ ವಿಷಯ ಬೇರೆ. ಅಮೆರಿಕದವರು ಇದಕ್ಕೆ 'ಸಮ್ಮರ್ ಮೆಲ್ಟ್' ಅನ್ನುತ್ತಾರೆ, ಬೇಸಿಗೆ ರಜೆಯಲ್ಲಿ ಕರಗಿಹೋಗುವುದು ಅಂತ ಅರ್ಥ. ಶಾಲೆ ಮುಗಿದಿದೆ, ಕಾಲೇಜು ಶುರುವಾಗಿಲ್ಲ. ಶಾಲೆಯವರಿಗೆ ಈ ಮಗು ನಮ್ಮದಲ್ಲ, ಕಾಲೇಜಿನವರಿಗೆ ಇನ್ನೂ ನಮ್ಮದಾಗಿಲ್ಲ. ಅದೇ ಸಮಯಕ್ಕೆ ಹಾಸ್ಟೆಲ್ ಫಾರಂ, ದಾಖಲೆ ಪರಿಶೀಲನೆ, ಮೊದಲ ಕಂತು ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಆ ಎರಡು ಮೂರು ತಿಂಗಳು ಯಾರದೂ ಅಲ್ಲದ ಮಗು ಯಾರದ್ದಾದರೂ ಆಗಿರಬೇಕಾದರೆ ನಿಮ್ಮ ಸಂಘದಂಥವರೇ ಮುಂದೆ ಬರಬೇಕು. ಬೇರೆ ಯಾರಿಗೂ ಆ ಜಾಗ ಇಲ್ಲ.

ಫೋನಿಗೆ ಸಂದೇಶ ಕಳಿಸಿದರೆ ಸಾಲದಾ ಅಂತ ನೀವು ಕೇಳಬಹುದು. ಬೆನ್ ಕ್ಯಾಸಲ್‌ಮನ್, ಲಿಂಡ್ಸೆ ಪೇಜ್ ಅನ್ನುವ ಸಂಶೋಧಕರು ಕೆಲವು ಊರುಗಳಲ್ಲಿ ಹೀಗೆ ಮಾಡಿದರು. ಸಂದೇಶಕ್ಕೆ ಮಗು ಉತ್ತರ ಬರೆದರೆ ನಿಜವಾದ ಸಲಹೆಗಾರರೊಬ್ಬರು ಮಾತಾಡುತ್ತಿದ್ದರು. ಕಾಲೇಜಿಗೆ ಬೇರೆ ನೆರವು ಕಡಿಮೆ ಇದ್ದ ಊರುಗಳಲ್ಲಿ ಅದರಿಂದ ಪ್ರಯೋಜನ ಆಯಿತು. ಆಮೇಲೆ ಅದೇ ಥರದ್ದನ್ನು ದೇಶಮಟ್ಟದಲ್ಲಿ 8 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಮಾಡಿದಾಗ ಏನೂ ಫಲ ಸಿಗಲಿಲ್ಲ. ಇದರಿಂದ ನನಗೆ ಅನ್ನಿಸುವುದು ಇಷ್ಟು: ಗೊತ್ತಿರುವ ಅಕ್ಕ ಕಳಿಸಿದ ಸಂದೇಶಕ್ಕೆ ಮಗು ಉತ್ತರ ಕೊಡುತ್ತದೆ, ಯಾವುದೋ ನಂಬರಿಂದ ಬಂದದ್ದು ಜಾಹೀರಾತಿನ ಜೊತೆ ಅಳಿಸಿಹೋಗುತ್ತದೆ.

ಪ್ರಶ್ನೆ: ಕಾಲೇಜು ಸೇರಿ ಎರಡು ತಿಂಗಳಾಯಿತು. ನಮ್ಮ ಮನೆಯಲ್ಲಿ ನಾನೇ ಮೊದಲು. ಯುವ ಕೇಂದ್ರದಲ್ಲಿ ಎಲ್ಲರೂ ನನ್ನನ್ನು ಜಾಣೆ ಅನ್ನುತ್ತಿದ್ದರು. ಇಲ್ಲಿ ಮೊದಲ ಟೆಸ್ಟಿನಲ್ಲಿ ಫೇಲ್. ತರಗತಿಯಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುವ ಹಾಗೆ ಕಾಣುತ್ತದೆ. ಇದು ನನ್ನ ಜಾಗ ಅಲ್ಲ ಅನ್ನಿಸುತ್ತಿದೆ. ಕೇಂದ್ರದವರಿಗೆ ಮುಖ ತೋರಿಸಲು ನಾಚಿಕೆ. ಬಿಟ್ಟುಬಿಡಲಾ?
— ಮೊದಲ ವರ್ಷದ ವಿದ್ಯಾರ್ಥಿನಿ

ಉತ್ತರ: ಈ ವಾರ ಯಾವ ತೀರ್ಮಾನವೂ ಬೇಡ. ಮೊದಲು ಇದನ್ನು ಓದಿ.

'ಎಲ್ಲರಿಗೂ ಗೊತ್ತಿರುವ ಹಾಗೆ ಕಾಣುತ್ತದೆ' ಅಂತ ನೀವೇ ಬರೆದಿದ್ದೀರಿ. ಕಾಣುತ್ತದೆ ಅಷ್ಟೇ. ನಿಮ್ಮ ಪಕ್ಕದ ಬೆಂಚಿನವಳಿಗೂ ನೀವು ಹಾಗೇ ಕಾಣುತ್ತಿರಬಹುದು. ಗ್ರೆಗರಿ ವಾಲ್ಟನ್, ಜೆಫ್ರಿ ಕೋಹೆನ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಮೊದಲ ವರ್ಷದ ವಿದ್ಯಾರ್ಥಿಗಳ ಜೊತೆ ಒಂದು ಸಣ್ಣ ಪ್ರಯೋಗ ಮಾಡಿದರು. ಸೀನಿಯರ್‌ಗಳ ಅನುಭವ ಓದಿಸಿದರು. 'ಶುರುವಿನಲ್ಲಿ ನಾನು ಇಲ್ಲಿಗೆ ಸೇರಿದವನಲ್ಲ ಅನ್ನಿಸಿತ್ತು, ದಿನ ಕಳೆದ ಹಾಗೆ ಸರಿಹೋಯಿತು' ಅನ್ನುವುದು ಅದರ ಸಾರ. ಆಮೇಲೆ ಮುಂದಿನ ವರ್ಷ ಬರುವವರಿಗೆ ಅಂತ ತಮ್ಮದೇ ಮಾತಿನಲ್ಲಿ ಬರೆಸಿದರು. ಎಲ್ಲ ಸೇರಿ ಸುಮಾರು ಒಂದು ಗಂಟೆ. 2011ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ಹೀಗೆ ಓದಿ ಬರೆದ ಕಪ್ಪು ವಿದ್ಯಾರ್ಥಿಗಳ ಅಂಕ ಮೂರು ವರ್ಷದ ಉದ್ದಕ್ಕೂ ಮೇಲೇರಿತು, ಬಿಳಿಯ ವಿದ್ಯಾರ್ಥಿಗಳ ಜೊತೆಗಿದ್ದ ಅಂತರ ಅರ್ಧಕ್ಕೆ ಇಳಿಯಿತು. ಅವರಿಗೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ. ಕಷ್ಟ ಆಗುತ್ತಿದೆ ಅಂದರೆ ನಾನು ಈ ಜಾಗಕ್ಕೆ ತಕ್ಕವಳಲ್ಲ ಅಂತಲ್ಲ, ಎಲ್ಲರಿಗೂ ಶುರುವಿನಲ್ಲಿ ಹೀಗೇ ಅನ್ನುವುದಷ್ಟೇ ಅವರಿಗೆ ಗೊತ್ತಾಯಿತು. ಈ ಒಂದು ಗಂಟೆಯ ಮದ್ದು ಎಲ್ಲ ಕಡೆ ಒಂದೇ ಥರ ಕೆಲಸ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಪತ್ರ ಓದಿದ ಕೂಡಲೇ ನೆನಪಾದದ್ದು ಇದೇ.

ಈಗ ಟೆಸ್ಟಿನ ವಿಷಯ. ನೀವು ಹೇಗೆ ಓದುತ್ತೀರಿ? ಒಬ್ಬರೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಅಲ್ವಾ? ಶಾಲೆಯಲ್ಲಿ ನಿಮ್ಮನ್ನು ಗೆಲ್ಲಿಸಿದ್ದು ಅದೇ ಅಭ್ಯಾಸ. ಕಾಲೇಜಿನಲ್ಲಿ ಸೋಲಿಸುವುದೂ ಅದೇ ಇರಬಹುದು. 1970ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಅನ್ನುವ ಗಣಿತದವರು ಒಂದು ವಿಷಯ ಗಮನಿಸಿದರು. ಶಾಲೆಯಲ್ಲಿ ಚೆನ್ನಾಗಿ ಓದಿ ಬಂದ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಫೇಲಾಗುತ್ತಿದ್ದರು. ಸೋಮಾರಿತನ ಇರಬೇಕು, ತಯಾರಿ ಕಡಿಮೆ ಇರಬೇಕು, ಮನೆಯವರಿಗೆ ಓದಿನ ಬೆಲೆ ಗೊತ್ತಿಲ್ಲದಿರಬೇಕು ಅಂತ ಅಧ್ಯಾಪಕರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಟ್ರೈಸ್‌ಮನ್ ಊಹೆ ಬಿಟ್ಟು ವಿದ್ಯಾರ್ಥಿಗಳ ಜೊತೆಗೇ ಹೋಗಿ ನೋಡಿದರು. ಆ ಮಕ್ಕಳು ಅಧ್ಯಾಪಕರು ಹೇಳಿದಷ್ಟು ಗಂಟೆ ನಿಷ್ಠೆಯಿಂದ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಅದೇ ತರಗತಿಯ ಚೀನೀ ಮೂಲದ ವಿದ್ಯಾರ್ಥಿಗಳು ಮೊದಲು ಒಬ್ಬೊಬ್ಬರೇ ಲೆಕ್ಕ ಮಾಡಿ, ಆಮೇಲೆ ಸೇರಿ ಕೂತು ಉತ್ತರ ಹೋಲಿಸಿ, ವಾದ ಮಾಡುತ್ತಿದ್ದರು. ಒಂದು ಲೆಕ್ಕ ಯಾರಿಗೂ ಬಾರದಿದ್ದರೆ, ಓಹೋ ಇದು ನಿಜಕ್ಕೂ ಕಷ್ಟದ್ದು ಅಂತ ಅವರಿಗೆ ಗೊತ್ತಾಗುತ್ತಿತ್ತು. ಒಬ್ಬನೇ ಕೂತವನಿಗೆ ಅದು ಗೊತ್ತಾಗುವುದು ಹೇಗೆ? ನನಗೆ ತಲೆ ಇಲ್ಲ ಅಂದುಕೊಳ್ಳುತ್ತಾನೆ. ಆಮೇಲೆ ಟ್ರೈಸ್‌ಮನ್ ಗುಂಪು ಮಾಡಿದರು. ಹಿಂದುಳಿದವರಿಗೆ ಸುಲಭದ ಪಾಠ ಅಂತಲ್ಲ, ಇನ್ನೂ ಕಷ್ಟದ ಲೆಕ್ಕ ಕೊಟ್ಟು ಒಟ್ಟಿಗೆ ಬಿಡಿಸಲು ಹಚ್ಚಿದರು. ಫಲಿತಾಂಶ ಬದಲಾಯಿತು, ಆ ಮಾದರಿ ಬೇರೆ ವಿಶ್ವವಿದ್ಯಾಲಯಗಳಿಗೂ ಹರಡಿತು.

ನಾಳೆ ತರಗತಿಯಲ್ಲಿ ಇಬ್ಬರನ್ನು ಹಿಡಿಯಿರಿ. ಮೊದಲ ರ್‍ಯಾಂಕಿನವರೇ ಆಗಬೇಕಿಲ್ಲ, ನಿಮ್ಮ ಹಾಗೆ ಮುಖ ಸಪ್ಪಗೆ ಮಾಡಿಕೊಂಡವರೇ ಇರಲಿ. ವಾರಕ್ಕೆ ಎರಡು ಸಂಜೆ ಗೊತ್ತು ಮಾಡಿಕೊಳ್ಳಿ. ಆಮೇಲೆ ಆ ಟೆಸ್ಟ್ ಪೇಪರ್ ಹಿಡಿದುಕೊಂಡು ಅಧ್ಯಾಪಕರ ಕೋಣೆಗೆ ಹೋಗಿ. 'ಅರ್ಥ ಆಗಲಿಲ್ಲ' ಅಂತ ಶುರು ಮಾಡಬೇಡಿ. 'ಮೂರನೇ ಪ್ರಶ್ನೆಯಲ್ಲಿ ಇಲ್ಲಿಯವರೆಗೆ ಬಂದೆ, ಮುಂದೆ ದಾರಿ ಕಾಣಲಿಲ್ಲ' ಅನ್ನಿ. ಅವರು ಹೇಳಿಕೊಡುವ ರೀತಿಯೇ ಬೇರೆಯಾಗುತ್ತದೆ.

ಕೇಂದ್ರದವರಿಗೆ ಇವತ್ತೇ ಫೋನ್ ಮಾಡಿ. ನಾಚಿಕೆ ಪಡಬೇಕಾದದ್ದು ಏನೂ ಇಲ್ಲ. ಕೇಂದ್ರದಲ್ಲಿ ನನ್ನ ಹತ್ತಿರ ಕೂತು ಓದಿ ಕಾಲೇಜು ಸೇರಿದ ಹುಡುಗನೊಬ್ಬ ಹೀಗೇ ನಾಚಿಕೆಯಿಂದ ಆರು ತಿಂಗಳು ನನ್ನ ಕಣ್ಣು ತಪ್ಪಿಸಿದ. ನನಗೆ ಗೊತ್ತಾಗುವ ಹೊತ್ತಿಗೆ ಕಾಲೇಜು ಬಿಟ್ಟಾಗಿತ್ತು. ಅವನು ಯಾಕೆ ಫೋನ್ ಮಾಡಲಿಲ್ಲ ಅಂತ ಆಗ ಬೇಜಾರು ಮಾಡಿಕೊಂಡೆ. ನಾನು ಯಾಕೆ ಮಾಡಲಿಲ್ಲ ಅಂತ ಹೊಳೆದದ್ದು ಬಹಳ ತಡವಾಗಿ. ಅವನು ಸೇರಿದ ದಿನ ಕೇಂದ್ರದಲ್ಲಿ ಫೋಟೊ ಹಾಕಿ ಸುಮ್ಮನಾಗಿದ್ದೆವು.

1989ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಪಾಸಿ ಫೌಂಡೇಶನ್ ಹುಟ್ಟಿದ್ದೇ ಇಂಥ ಒಂದು ಮಾತಿನಿಂದ. ನನ್ನ ಗೆಳೆಯರ ಗುಂಪು ಜೊತೆಗಿದ್ದಿದ್ದರೆ ನಾನು ಕಾಲೇಜು ಬಿಡುತ್ತಿರಲಿಲ್ಲ ಅಂದಿದ್ದ ಒಬ್ಬ ಹುಡುಗ. ಅದಕ್ಕೇ ಅವರು ಸುಮಾರು ಹತ್ತು ಮಕ್ಕಳನ್ನು ಒಂದೇ ಕಾಲೇಜಿಗೆ ಒಟ್ಟಿಗೆ ಕಳಿಸುತ್ತಾರೆ. ಹೋಗುವ ಮೊದಲು ತಿಂಗಳುಗಟ್ಟಲೆ ಒಟ್ಟಿಗೆ ತಯಾರು ಮಾಡುತ್ತಾರೆ. ನಿಮಗೆ ಆ ಗುಂಪನ್ನು ಯಾರೂ ಕಟ್ಟಿಕೊಟ್ಟಿಲ್ಲ. ಅದಕ್ಕೇ ಮೊದಲು ಆ ಇಬ್ಬರನ್ನು ಹಿಡಿಯಿರಿ ಅಂದದ್ದು.

ಇಷ್ಟು ಮಾಡಿ ಈ ಸೆಮಿಸ್ಟರ್ ಮುಗಿಸಿ. ಆಮೇಲೂ ಬಿಡಬೇಕು ಅನ್ನಿಸಿದರೆ ಮತ್ತೆ ಬರೆಯಿರಿ, ಆಗ ಮಾತಾಡೋಣ.

ಪ್ರಶ್ನೆ: ನಾನು ನಿವೃತ್ತ. ಹತ್ತು ಬಡ ಮಕ್ಕಳ ಕಾಲೇಜು ಫೀಸು ಪೂರ್ತಿ ಕಟ್ಟಬೇಕು ಅಂತ ಆಸೆ. ನೇರವಾಗಿ ಕೊಡಲಾ, ಸಂಸ್ಥೆಯ ಮೂಲಕ ಕೊಡಲಾ?
— ಹಿರಿಯ ಓದುಗರು

ಉತ್ತರ: ನಿಮಗಿಂತ ಮೊದಲು ಇದೇ ಆಸೆ ಪಟ್ಟವರೊಬ್ಬರ ಕತೆ ಇದೆ. ಯೂಜೀನ್ ಲ್ಯಾಂಗ್ ಅಂತ, ಅಮೆರಿಕದ ಉದ್ಯಮಿ. 1981ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ತಾವು ಓದಿದ ಶಾಲೆಗೆ ಭಾಷಣ ಮಾಡಲು ಹೋದರು. ಎದುರಿಗೆ ಆರನೇ ತರಗತಿಯ 61 ಮಕ್ಕಳು. ಕಷ್ಟಪಟ್ಟು ಓದಿ ಅಂತ ಹೇಳಲು ಹೋದವರು, ಈ ಮಾತಿನಿಂದ ಏನೂ ಆಗುವುದಿಲ್ಲ ಅಂತ ಅಲ್ಲೇ ಮನಸ್ಸು ಬದಲಿಸಿದರು. ಶಾಲೆ ಮುಗಿಸಿ ಕಾಲೇಜು ಸೇರಿದರೆ ಫೀಸಿಗೆ ನಾನಿದ್ದೇನೆ ಅಂದರು. ದೊಡ್ಡ ಸುದ್ದಿಯಾಯಿತು. ಆದರೆ ಲ್ಯಾಂಗ್‌ಗೆ ಬೇಗನೆ ಒಂದು ವಿಷಯ ಗೊತ್ತಾಯಿತು. ಆರು ವರ್ಷದ ಆಚೆಗಿನ ಹಣ ಇವತ್ತಿನ ಮಗುವನ್ನು ಶಾಲೆಯಲ್ಲಿ ಹಿಡಿದು ನಿಲ್ಲಿಸುವುದಿಲ್ಲ. ಆ ಮಕ್ಕಳ ಜೊತೆಗೇ ಇರಲು ಒಬ್ಬ ಪೂರ್ಣಾವಧಿ ಕಾರ್ಯಕರ್ತನನ್ನು ನೇಮಿಸಿದರು. ತಾವೂ ಮಕ್ಕಳಿಗೆ ಸಿಗುತ್ತಿದ್ದರು. 'ಐ ಹ್ಯಾವ್ ಎ ಡ್ರೀಮ್' ಫೌಂಡೇಶನ್ ಬೆಳೆದದ್ದು ಹಾಗೆ.

ಆದ್ದರಿಂದ ನನ್ನ ಸಲಹೆ ಇದು. ಹತ್ತು ಮಕ್ಕಳ ಬದಲು ಆರು ಮಕ್ಕಳನ್ನು ತೆಗೆದುಕೊಳ್ಳಿ. ಉಳಿದ ಹಣದಲ್ಲಿ ಆ ಆರು ಮಕ್ಕಳನ್ನು ನೋಡಿಕೊಳ್ಳುವವರ ಸಂಬಳಕ್ಕೆ ನೆರವಾಗಿ. ಸಂಬಳಕ್ಕೆ ಹಣ ಕೊಡಲು ದಾನಿಗಳಿಗೆ ಮನಸ್ಸಾಗುವುದಿಲ್ಲ ಅಂತ ನನಗೆ ಗೊತ್ತು, ಅದು ಫೋಟೊದಲ್ಲಿ ಕಾಣುವುದಿಲ್ಲ. ಸ್ವಲ್ಪ ಹಣ ಸಣ್ಣಪುಟ್ಟ ತುರ್ತಿಗೆ ಅಂತ ಇಡಿ. ಪಾಸ್ ನವೀಕರಣ, ಕೆಟ್ಟ ಲ್ಯಾಪ್‌ಟಾಪ್ ರಿಪೇರಿ, ಕನ್ನಡಕ. ಸಣ್ಣ ಮೊತ್ತಕ್ಕೆ ಓದು ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ಶುರು ಮಾಡಿದ 'ಎಸಾಪ್' ಕಾರ್ಯಕ್ರಮದಲ್ಲಿ ಫೀಸಿನ ಕೊರತೆ ತುಂಬುವುದರ ಜೊತೆಗೆ ಪ್ರಯಾಣದ ಪಾಸ್, ಪುಸ್ತಕದ ನೆರವು, ತಪ್ಪದೇ ಭೇಟಿಯಾಗಬೇಕಾದ ಸಲಹೆಗಾರ ಎಲ್ಲ ಸೇರಿತ್ತು. ತಯಾರಿ ಕಡಿಮೆ ಇದ್ದ ವಿದ್ಯಾರ್ಥಿಗಳಲ್ಲಿ ಮೂರು ವರ್ಷದೊಳಗೆ ಪದವಿ ಮುಗಿಸಿದವರು 100ಕ್ಕೆ 22ರಿಂದ 40ಕ್ಕೆ ಏರಿದರು.

ಸಂಸ್ಥೆ ಆರಿಸುವಾಗ 'ನಿಮ್ಮಲ್ಲಿ ಎಷ್ಟು ಮಕ್ಕಳು ಕಾಲೇಜು ಸೇರಿದರು' ಅಂತ ಮಾತ್ರ ಕೇಳಬೇಡಿ. ಹೇಗಿದ್ದರೂ ಸೇರುತ್ತಿದ್ದ ಜಾಣ ಮಕ್ಕಳನ್ನೇ ಆರಿಸಿಕೊಂಡರೆ ಆ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. ಅಮೆರಿಕದ 'ಅಪ್‌ವರ್ಡ್ ಬೌಂಡ್' ಅನ್ನುವ, ಬಡ ಮನೆಯ ಮಕ್ಕಳನ್ನು ಕಾಲೇಜಿಗೆ ತಯಾರು ಮಾಡುವ ಹಳೆಯ ಸರ್ಕಾರಿ ಕಾರ್ಯಕ್ರಮ 1960ರ ದಶಕದಿಂದ ನಡೆಯುತ್ತಿದೆ. ಅದರ ಮೇಲೆ ದೊಡ್ಡ ಅಧ್ಯಯನ ಆದಾಗ, ಒಟ್ಟಾರೆ ನೋಡಿದರೆ ಕಾಲೇಜು ಸೇರುವುದರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಆದರೆ ಪದವಿ ತನಕ ಓದುತ್ತೇನೆ ಅಂತ ನಿರೀಕ್ಷೆಯೇ ಇಲ್ಲದ ಮಕ್ಕಳಲ್ಲಿ ವ್ಯತ್ಯಾಸ ಎದ್ದು ಕಂಡಿತು. ಆ ಅಧ್ಯಯನದ ಬಗ್ಗೆ ಆಮೇಲೆ ತಕರಾರುಗಳೂ ಬಂದವು. ಏನೇ ಇರಲಿ, ಯಾರನ್ನು ಸೇರಿಸಿಕೊಳ್ಳುತ್ತೀರಿ, ಸೇರಿದವರಲ್ಲಿ ಎಷ್ಟು ಜನ ಎರಡನೇ ವರ್ಷಕ್ಕೆ ಹೋದರು, ಬಿಟ್ಟವರು ಈಗ ಎಲ್ಲಿದ್ದಾರೆ ಅಂತ ಕೇಳಿ. ಬಿಟ್ಟವರ ವಿಷಯ ಹೆಸರು ಸಮೇತ ಗೊತ್ತಿರುವ ಸಂಸ್ಥೆಗೆ ಕಣ್ಣುಮುಚ್ಚಿ ಕೊಡಬಹುದು.

ಪ್ರಶ್ನೆ: ಹೊಸ ಕೆಲಸಕ್ಕೆ ಸೇರುವ ಮೊದಲು ನನಗೆ ಮೂರು ತಿಂಗಳು ಬಿಡುವಿದೆ. ಒಂದು ಮಗುವಿಗೆ ಮೆಂಟರ್ ಆಗಲು ಇಷ್ಟ. ಆಗಬಹುದಾ?
— ಎಂಜಿನಿಯರ್

ಉತ್ತರ: ಮೆಂಟರ್ ಆಗಬೇಡಿ. ಖಾರವಾಗಿ ಕೇಳಿಸಿದರೆ ಕ್ಷಮಿಸಿ. 2002ರಲ್ಲಿ ಜೀನ್ ಗ್ರಾಸ್‌ಮನ್, ಜೀನ್ ರೋಡ್ಸ್ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿದೆ. ವರ್ಷಕ್ಕೂ ಹೆಚ್ಚು ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಲಾಭ ಆಯಿತು. ಮೂರು ತಿಂಗಳೊಳಗೆ ಮುರಿದ ಕಡೆ ಮಕ್ಕಳಿಗೆ ತಮ್ಮ ಮೇಲಿದ್ದ ಭರವಸೆಯೇ ಕುಗ್ಗಿತ್ತು. ಆಗಲೇ ಕೆಲವರು ಬಿಟ್ಟುಹೋಗಿರುವ ಮಗುವಿನ ಬದುಕಿನಲ್ಲಿ ಬಿಟ್ಟುಹೋಗುವ ಇನ್ನೊಬ್ಬರು ಬೇಡ.

ನಿಮ್ಮ ಮೂರು ತಿಂಗಳು ವ್ಯರ್ಥ ಆಗಬೇಕಿಲ್ಲ. ಮೇಲೆ ಹೇಳಿದ 'ಅರ್ಜಿ ದಿನ'ಕ್ಕೆ ನಿಮ್ಮಂಥವರೇ ಬೇಕು. ಕೇಂದ್ರದ ಕಂಪ್ಯೂಟರ್ ಸರಿಮಾಡಿ ಕೊಡಿ, ಕೊನೆಯ ದಿನಾಂಕಗಳ ಪಟ್ಟಿ ಮಾಡಿ ಗೋಡೆಗೆ ಹಚ್ಚಿ, ಗಣಿತ ಪರೀಕ್ಷೆಗೆ ಮೊದಲು ಹತ್ತು ಸಂಜೆ ಲೆಕ್ಕ ಹೇಳಿಕೊಡಿ. ಯಾವ ದಿನಾಂಕದವರೆಗೆ ಬರುತ್ತೀರಿ ಅಂತ ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ. ಹೊಸ ಕೆಲಸ ಒಂದು ಹದಕ್ಕೆ ಬಂದ ಮೇಲೆ, ವಾರಕ್ಕೆ ಒಂದು ಗಂಟೆ ಎರಡು ವರ್ಷ ಕೊಡಲು ಆಗುತ್ತದೆ ಅನ್ನಿಸಿದರೆ ಆಗ ಒಂದು ಮಗುವಿನ ಹೆಸರು ಕೇಳಿ ಪಡೆಯಿರಿ.